ರತ್ನಗರ್ಭೆಯನ್ನು ಅರಸುವ ವೆಚ್ಚ

ನಮ್ಮ ಪ್ರಾಚೀನರು ಭೂಮಿಯನ್ನು ವಸುಂಧರೆ ಎಂದರು, ರತ್ನಗರ್ಭೆ ಎಂದರು. ಸಂಪತ್ತನ್ನು ಒಡಲಲ್ಲಿ ಧರಿಸಿದವಳು ಎಂಬುದು ಈ ಹೆಸರುಗಳ ತಾತ್ಪರ್ಯ. ಆದರೆ ಆ ಸಂಪತ್ತು ಎಲ್ಲಿದೆ, ಎಷ್ಟು ಆಳದಲ್ಲಿದೆ, ತೆಗೆದರೆ ಗಿಟ್ಟುವಷ್ಟಿದೆಯೇ ಎಂಬುದನ್ನು ಆಕೆ ತಾನಾಗಿ ಹೇಳುವುದಿಲ್ಲ. ಅದನ್ನು ಅರಿಯಲು ಹಣ ಬೇಕು. ಗಣಿ ತೋಡುವ ಖರ್ಚು ಬೇರೆ. ತೋಡಬೇಕೆ, ಬೇಡವೆ ಎಂದು ತಿಳಿಯುವ ಖರ್ಚು ಬೇರೆ. ಈ ಎರಡನೆಯದನ್ನು ಅನ್ವೇಷಣೆಯ ವೆಚ್ಚವೆನ್ನುತ್ತಾರೆ.

ಬನ್ನೂರಿನ ನಮಗೆ ಇದರ ಉದಾಹರಣೆ ನೆರೆಯಲ್ಲೇ ಇದೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯದ ವಿಜ್ಞಾನಿಗಳು ಗುರುತಿಸಿದರು. ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲೋಹ ಇದು. 2020ರಲ್ಲಿ 14,100 ಟನ್ ಎಂಬ ಅಂದಾಜು ಪ್ರಕಟವಾದಾಗ ಎಲ್ಲೆಡೆ ಸಂಭ್ರಮವೋ ಸಂಭ್ರಮ. 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿದ ಪ್ರಮಾಣ 1,600 ಟನ್ ಮಾತ್ರ. ಸಂಭ್ರಮಿಸಿದವರೇ ನಿಟ್ಟುಸಿರಿಟ್ಟರು.

ಇಲ್ಲಿ ನಾವು ಗಮನಿಸಬೇಕಾದ ವಿಷಯವೊಂದಿದೆ. ಶೋಧನೆ ನಾಲ್ಕು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಮೊದಲು ನೆಲದ ಮೇಲ್ನೋಟದ ಸಮೀಕ್ಷೆ. ಬಳಿಕ ಮಣ್ಣು, ಕಲ್ಲುಗಳ ಪರೀಕ್ಷೆ ಮತ್ತು ಅಲ್ಲೊಂದು ಇಲ್ಲೊಂದು ಕೊಳವೆ ಕೊರೆತ. ಅನಂತರ ಒತ್ತೊತ್ತಾಗಿ ಕೊರೆದು ಅಳತೆ ಹಿಡಿಯುವ ಕೆಲಸ. ಮೆಟ್ಟಿಲೇರಿದಂತೆ ವೆಚ್ಚ ಏರುತ್ತದೆ, ಅನಿಶ್ಚಯ ಇಳಿಯುತ್ತದೆ. 2021ರಲ್ಲಿ ತಿಳಿಸಿದ ಮರಳಗಾಲದ ಅಂಕೆ ಊಹಿತ ಸಂಪನ್ಮೂಲದ ಮೆಟ್ಟಿಲಿನದಾಗಿತ್ತು. ‘ಇಷ್ಟೇ ಇದೆ’ ಎಂದು ತಿಳಿಯುವುದೂ, ‘ಇಲ್ಲಿಲ್ಲ’ ಎಂದು ತಿಳಿಯುವುದೂ ಈ ವೆಚ್ಚದ ಫಲವೇ. ಅದನ್ನು ನಷ್ಟವೆಂದು ಬರೆದುಕೊಳ್ಳುವ ರಾಷ್ಟ್ರ ಮುಂದಿನ ಮೆಟ್ಟಿಲು ಹತ್ತಲಾರದು.

ಕೋಲಾರದ ಚಿನ್ನದ ಗಣಿಯ ಚರಿತ್ರೆ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. 1880ರ ದಶಕದ ಆರಂಭದಲ್ಲಿ ಅಲ್ಲಿ ಹಣ ಹೂಡಿದ ಆಂಗ್ಲ ಕಂಪನಿಗಳು ಬಹುಮಟ್ಟಿಗೆ ಬರಿಗೈಯಾಗಿದ್ದವು. ಪಾಲುದಾರರು ಕೈಬಿಡಲು ಸಿದ್ಧರಾಗಿದ್ದಾಗ ಜಾನ್ ಟೇಲರ್ ಸಂಸ್ಥೆ ಉಳಿದ ಅಲ್ಪ ಹಣವನ್ನೂ ಶೋಧನೆಗೇ ತೊಡಗಿಸುವಂತೆ ಒಪ್ಪಿಸಿತು. ಆಗ ದೊರೆತದ್ದು ಚಾಂಪಿಯನ್ ರೀಫ್ ಎಂಬ ಸಿರಿವಂತ ಅದಿರಿನ ಪದರ. ಆ ಗಣಿಗಾಗಿಯೇ 1902ರಲ್ಲಿ ನಮ್ಮ ಕಾವೇರಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಹರಿದಳು. ಶತಮಾನದ ಕೊನೆಗೆ ಅದಿರು ಬಡವಾಯಿತು, ವೆಚ್ಚ ಏರಿತು, ಚಿನ್ನದ ಬೆಲೆ ಕುಸಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಾದ ವರ್ಷಗಳಲ್ಲಿ ಚಿನ್ನದ ಬೆಲೆ ಹಲವು ಪಟ್ಟು ಏರಿತು. ಆ ಹೊತ್ತಿಗೆ ಸುರಂಗಗಳಲ್ಲಿ ನೀರು ತುಂಬಿತ್ತು, ನುರಿತ ಕೆಲಸಗಾರರು ಚದುರಿಹೋಗಿದ್ದರು.

ಬೆಲೆಯ ಹಿಂದೆ ಓಡುವುದು ಅನ್ವೇಷಣೆಯ ಹಣದ ಹಳೆಯ ಚಾಳಿ. ಕಬ್ಬಿಣವನ್ನು ಹೊರತುಪಡಿಸಿದ ಲೋಹಗಳ ಶೋಧಕ್ಕೆ ಜಗತ್ತಿನ ಕಂಪನಿಗಳು 2012ರಲ್ಲಿ ಸುಮಾರು 2,000 ಕೋಟಿ ಡಾಲರ್ ಮೀಸಲಿಟ್ಟಿದ್ದವು. ಬೆಲೆ ಇಳಿದ ಬಳಿಕ, 2016ರಲ್ಲಿ, ಅದು ಸುಮಾರು ಮೂರನೆಯ ಒಂದು ಪಾಲಿಗೆ ಕುಗ್ಗಿತು. ಆದರೆ ಕುರುಹು ಕಂಡ ದಿನದಿಂದ ಗಣಿ ತೆರೆಯುವ ದಿನದವರೆಗೆ ಹಲವು ವರ್ಷಗಳು, ಕೆಲವೊಮ್ಮೆ ದಶಕಗಳೇ, ಬೇಕು. ಬೆಲೆ ಬಂದಾಗ ಬಿತ್ತಿದವನಿಗೆ ಬೆಲೆ ಹೋದಾಗ ಬೆಳೆ ಕೈಗೆ ಬರುತ್ತದೆ.

ಆದ್ದರಿಂದಲೇ ಸರ್ಕಾರಗಳು ಈ ಕೆಲಸಕ್ಕೆ ಕೈಹಾಕಬೇಕಾಯಿತು. ಮೈಸೂರು ಸಂಸ್ಥಾನ 1894ರಲ್ಲಿಯೇ ಭೂವಿಜ್ಞಾನ ಇಲಾಖೆಯನ್ನು ತೆರೆದದ್ದು ದೂರದೃಷ್ಟಿಯ ಕಾರ್ಯ. ತೈಲದ ಸಂಗತಿಯೂ ಹಾಗೆಯೇ. ನಮ್ಮ ನಾಡಿನ ಬಹುಭಾಗದ ಗಟ್ಟಿ ಪುರಾತನ ಶಿಲೆಯಲ್ಲಿ ತೈಲ ನೆಲಸದು. ಅದು ಪದರುಪದರಾಗಿ ಕೂಡಿದ ಮೆಕ್ಕಲು ಶಿಲೆಯ ಸ್ವತ್ತು. ಬಂಗಾಳದಲ್ಲಿ ವಿದೇಶಿ ಕಂಪನಿಯೊಂದು ಬರಿಬಾವಿಗಳನ್ನು ಕೊರೆದು ಹಿಂದೆಗೆಯಿತು. ಸರ್ಕಾರ 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವನ್ನು ಸ್ಥಾಪಿಸಿ ಪಟ್ಟು ಬಿಡದೆ ಹಣ ತೊಡಗಿಸಿದ್ದರಿಂದ 1960ರಲ್ಲಿ ಅಂಕಲೇಶ್ವರವೂ 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರವೂ ದೊರೆತವು.

ಇತ್ತೀಚಿನ ಒಲವು ಇನ್ನೊಂದು ದಾರಿಯದು. 2015ರ ತಿದ್ದುಪಡಿಯಂತೆ ರಾಷ್ಟ್ರೀಯ ಖನಿಜ ಅನ್ವೇಷಣಾ ನ್ಯಾಸ ಏರ್ಪಟ್ಟಿತು. ಗಣಿಗುತ್ತಿಗೆದಾರರು ರಾಜಧನದ ನೂರಕ್ಕೆ 2ರಷ್ಟನ್ನು ಅದಕ್ಕೆ ಸಲ್ಲಿಸಬೇಕಾಯಿತು. 2025ರ ತಿದ್ದುಪಡಿ ಅದನ್ನು 3ಕ್ಕೆ ಏರಿಸಿತು. ಇಂದು ತೆಗೆದ ಅದಿರು ನಾಳಿನ ಅದಿರನ್ನು ಹುಡುಕಲು ಹಣ ಕೊಡುವ ಏರ್ಪಾಡು ಇದು. ರೈತ ಬೆಳೆದುದರಲ್ಲಿ ಬಿತ್ತನೆಗೆಂದು ಎತ್ತಿಡುವಂತೆ. 2025ರ ಜನವರಿಯಲ್ಲಿ ಒಪ್ಪಿಗೆ ಪಡೆದ ನಿರ್ಣಾಯಕ ಖನಿಜಗಳ ರಾಷ್ಟ್ರೀಯ ಅಭಿಯಾನಕ್ಕೆ 16,300 ಕೋಟಿ ರೂಪಾಯಿ ಗೊತ್ತುಪಡಿಸಲಾಯಿತು. 2030–31ರೊಳಗೆ 1,200 ಅನ್ವೇಷಣಾ ಕಾರ್ಯಗಳು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಾಲಿಗೆ ಬಂದವು.

ಹಣ ಹೆಚ್ಚಿದ್ದು ಸಂತೋಷ. ಅದು ಬೆಲೆಯ ಉಬ್ಬರವಿಳಿತಕ್ಕೆ ಸಿಕ್ಕದೆ ನಿಲ್ಲುವುದೇ ಎಂಬುದು ಪ್ರಶ್ನೆ. ಅರ್ಧಕ್ಕೆ ನಿಂತ ಶೋಧನೆ ಲೆಕ್ಕಪುಸ್ತಕಕ್ಕಷ್ಟೇ ನಷ್ಟವಲ್ಲ. ಗದ್ದೆಯ ಕೆಳಗೆ ಖನಿಜವಿದೆಯೆಂಬ ಸುದ್ದಿ ಹರಡಿದರೆ ಸಾಕು, ರೈತನ ನೆಮ್ಮದಿ ಕದಡುತ್ತದೆ. ಮಾರುವುದೋ ಉಳಿಸಿಕೊಳ್ಳುವುದೋ ತಿಳಿಯದೆ ಆತ ದಲ್ಲಾಳಿಯ ಮಾತಿಗೆ ಕಿವಿಗೊಡುತ್ತಾನೆ. ನೆಲದಡಿಯ ಸತ್ಯವನ್ನು ಪೂರ್ತಿ ಅಳೆದು, ಅದನ್ನು ಆ ನೆಲದವರಿಗೇ ಮೊದಲು ತಿಳಿಸಿದಾಗ ಅಗೆಯುವ ತೀರ್ಮಾನವೂ, ಅಗೆಯದಿರುವ ತೀರ್ಮಾನವೂ ನ್ಯಾಯವಾಗುತ್ತವೆ. ವಸುಂಧರೆಯ ಒಡಲಲ್ಲಿ ಏನಿದೆಯೆಂದು ಕೇಳುವವರು ಉತ್ತರ ಬರುವವರೆಗೆ ಕಾಯುವ ತಾಳ್ಮೆಯನ್ನೂ ಆಯವ್ಯಯದಲ್ಲಿ ಸೇರಿಸಿಕೊಳ್ಳಬೇಕು.