ಗೆದ್ದವನ ಮುಂದೆ ಇದ್ದವರು

2009ರ ಜುಲೈ 26ರಂದು ಪ್ಯಾರಿಸ್‌ನಲ್ಲಿ ಮುಗಿದ ಟೂರ್ ಡಿ ಫ್ರಾನ್ಸ್‌ನ ಕೊನೆಯ ಹಂತದ ಫಲಿತಾಂಶದಲ್ಲಿ ಮೊದಲ ಹೆಸರು ಮಾರ್ಕ್ ಕಾವೆಂಡಿಷ್. ಅದರಲ್ಲಿ ಆಶ್ಚರ್ಯವೇನಿಲ್ಲ, ಆ ವರ್ಷದ ಟೂರ್‌ನಲ್ಲಿ ಅದು ಅವನ ಆರನೇ ಗೆಲುವು. ಆಶ್ಚರ್ಯ ಇರುವುದು ಎರಡನೇ ಹೆಸರಿನಲ್ಲಿ. ಷಾಂಜ್ ಎಲಿಜೆ ರಸ್ತೆಗೆ ಬೀಳುವ ಕಡೆಯ ತಿರುವಿನಲ್ಲಿ ಕಾವೆಂಡಿಷ್‌ನನ್ನು ಬೆನ್ನಿಗೆ ಹಾಕಿಕೊಂಡು ನುಗ್ಗಿದವನು ಅವನದೇ ತಂಡದ ಆಸ್ಟ್ರೇಲಿಯನ್ ಸವಾರ ಮಾರ್ಕ್ ರೆನ್‌ಶಾ. ನಾಯಕನನ್ನು ಗುರಿಯ ಹತ್ತಿರಕ್ಕೆ ಎಳೆದು ತಂದು ಬಿಡುವುದಷ್ಟೇ ಅವನ ಕೆಲಸ. ಬಿಟ್ಟ ಮೇಲೆ ಅವನ ಕಾಲಲ್ಲಿ ಶಕ್ತಿ ಉಳಿದಿರಬಾರದು, ಪಟ್ಟಿಯಲ್ಲಿ ಅವನ ಹೆಸರು ಎಲ್ಲೋ ಕೆಳಗೆ ಹೋಗಬೇಕು. ಆದರೆ ರೆನ್‌ಶಾ ಎರಡನೆಯವನಾದ. ಜಗತ್ತಿನ ಉಳಿದ ಸ್ಪ್ರಿಂಟರ್‌ಗಳಿಗೆ ಅವತ್ತು ಗೆದ್ದವನಿರಲಿ, ಗೆದ್ದವನ ಸಹಾಯಕನನ್ನು ಹಿಡಿಯುವುದೂ ಆಗಲಿಲ್ಲ.

ರೋಡ್ ಸೈಕ್ಲಿಂಗ್‌ನ ಹುಚ್ಚು ಹತ್ತಿದವರು ನಾಲ್ಕು ಜನ ಸೇರಿದರೆ ಒಂದು ಜಗಳ ಖಾತ್ರಿ: ಎಲ್ಲರಿಗಿಂತ ದೊಡ್ಡ ಸ್ಪ್ರಿಂಟರ್ ಯಾರು? ಟೂರ್‌ನಲ್ಲಿ ಗೆದ್ದ ಹಂತಗಳನ್ನು ಎಣಿಸಿದರೆ ಕಾವೆಂಡಿಷ್‌ಗೆ 35, ಮಾರ್ಸೆಲ್ ಕಿಟೆಲ್‌ಗೆ 14. ಮಾರಿಯೊ ಚಿಪೊಲ್ಲಿನಿ, ಎರಿಕ್ ಜಾಬೆಲ್, ರಾಬಿ ಮೆಕ್ಯೂಯೆನ್, ಪೀಟರ್ ಸಗಾನ್ ಈ ನಾಲ್ವರಿಗೂ ಸರಿಯಾಗಿ ಹನ್ನೆರಡು ಹನ್ನೆರಡು. ಆದರೆ ಈ ನಾಲ್ಕು ಹನ್ನೆರಡುಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಯಾರ ಮುಂದೆ ಎಷ್ಟು ಜನ ಗಾಳಿ ಸೀಳುತ್ತಿದ್ದರು ಎಂದು ಕೇಳದೆ ಈ ಅಂಕಿಗಳನ್ನು ಅಕ್ಕಪಕ್ಕ ಇಡುವುದು ಅನ್ಯಾಯ.

ಎಲ್ಲದರ ಮೂಲ ಗಾಳಿ. ಸೈಕಲ್‌ನ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಒಬ್ಬನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಈ ಹೊರೆಯಲ್ಲಿ ದೊಡ್ಡ ಪಾಲು ಇಳಿಯುತ್ತದೆ. ನೂರಿಪ್ಪತ್ತೊಂದು ಸವಾರರ ಗುಂಪಿನ ಹೊಟ್ಟೆಯೊಳಗೆ ಸೇರಿಕೊಂಡವನಿಗೆ ತಾಗುವ ತಡೆ, ಒಂಟಿ ಸವಾರನಿಗೆ ತಾಗುವುದರ ಶೇ 5ರಿಂದ 10ರಷ್ಟು ಮಾತ್ರ ಎಂದು 2018ರಲ್ಲಿ ಬರ್ಟ್ ಬ್ಲೋಕನ್ ಮತ್ತು ಸಂಗಡಿಗರ ಅಧ್ಯಯನ ಹೇಳಿತು. ಎದುರುಗಾಳಿಯಲ್ಲಿ ಬೆವರು ಹರಿಸಿ ಕಲಿಯುವ ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ರೇಸ್ ಹುಡುಗರಿಗೆ ಇದನ್ನು ಯಾವ ಅಧ್ಯಯನವೂ ಹೇಳಿಕೊಡಬೇಕಿಲ್ಲ. ಸ್ಪ್ರಿಂಟರ್ ಎಂದರೆ ಐದು ಗಂಟೆ ಈ ನೆರಳಲ್ಲಿ ಅಡಗಿದ್ದು, ಕೊನೆಯ ಹತ್ತು ಹದಿನೈದು ಸೆಕೆಂಡ್ ಮಾತ್ರ ಗಾಳಿಗೆ ಮುಖ ಕೊಡುವವನು. ಸುಮಾರು ಇನ್ನೂರು ಮೀಟರ್. ಅದಕ್ಕಿಂತ ಮೊದಲೇ ನೆರಳು ಬಿಟ್ಟು ಹೊರಬಂದರೆ ಗುರಿಗೆ ಮುನ್ನವೇ ಕಾಲು ಸೋಲುತ್ತದೆ.

ಶುರುವಿನಲ್ಲಿ ಈ ಇನ್ನೂರು ಮೀಟರ್ ತಲುಪುವುದು ಅವರವರ ಹಣೆಬರಹಕ್ಕೆ ಬಿಟ್ಟದ್ದಾಗಿತ್ತು. ಐವತ್ತರ ದಶಕದ ಫ್ರೆಂಚ್ ಸ್ಪ್ರಿಂಟರ್ ಆಂದ್ರೆ ದಾರಿಗಾದ್ ಟೂರ್‌ನಲ್ಲಿ 22 ಹಂತ ಗೆದ್ದ. ಟೂರ್‌ನ ಮೊದಲ ದಿನವೇ ಗೆಲ್ಲುವುದು ಅವನ ಚಾಳಿ, ಐದು ಸಲ ಹಾಗೆ ಗೆದ್ದಿದ್ದಾನೆ. ಗುಂಪಿನಲ್ಲಿ ಹೆಗಲು ತಾಗಿಸಿ ಜಾಗ ಮಾಡಿಕೊಂಡು, ಸಿಕ್ಕವರ ಹಿಂದೆ ಸೇರಿಕೊಂಡು ನುಗ್ಗುವುದೇ ಆಗಿನ ವಿದ್ಯೆ. 1953ರಲ್ಲಿ ಟೂರ್‌ಗೆ ಐವತ್ತು ತುಂಬಿದಾಗ ಅಂಕಗಳ ಲೆಕ್ಕದ ಹಸಿರು ಜೆರ್ಸಿ ಬಂತು. ಬೆಟ್ಟ ಹತ್ತಲಾಗದ ವೇಗಿಗಳಿಗೂ ಮೂರು ವಾರ ಸೆಣಸಲು ಒಂದು ಕಾರಣ ಸಿಕ್ಕಿತು.

ಗೆಲ್ಲುವವನಿಗಾಗಿ ತಂಡವನ್ನೇ ಸಾಲಾಗಿ ನಿಲ್ಲಿಸುವ ಯೋಚನೆಗೆ ಸಾಮಾನ್ಯವಾಗಿ ಬೆಲ್ಜಿಯಂನ ರಿಕ್ ವಾನ್ ಲೋಯ್ ಹೆಸರು ಹೇಳುತ್ತಾರೆ. ಫಾಯೆಮಾ ತಂಡದ ಕೆಂಪು ಜೆರ್ಸಿಯ ಅವನ ಬಂಟರನ್ನು ಕೆಂಪು ಪಡೆ ಎಂದೇ ಕರೆಯುತ್ತಿದ್ದರು. ಕೊನೆಯ ಕಿಲೋಮೀಟರುಗಳಲ್ಲಿ ಅವರು ವೇಗ ಏರಿಸುತ್ತಿದ್ದುದು ಬೇರೆಯವರು ಓಡಿಹೋಗದಂತೆ ತಡೆಯಲು, ಜೊತೆಗೆ ಯಜಮಾನನಿಗೆ ದಾರಿ ಬಿಡಿಸಲು. ಎಪ್ಪತ್ತರ ದಶಕದಲ್ಲಿ ಇನ್ನೊಬ್ಬ ಬೆಲ್ಜಿಯನ್ ಫ್ರೆಡಿ ಮಾರ್ಟೆನ್ಸ್‌ಗೆ ಮಾರ್ಕ್ ದೆಮೇಯರ್ ಎಂಬ ಗಟ್ಟಿಗ ಸಿಕ್ಕ. 1976ರ ಟೂರ್‌ನಲ್ಲಿ ಮಾರ್ಟೆನ್ಸ್ ಎಂಟು ಹಂತ ಗೆದ್ದ. ಎಂಬತ್ತರ ದಶಕದಲ್ಲಿ ಡಚ್ಚರು ಈ ಕೆಲಸವನ್ನು ಮತ್ತಷ್ಟು ಅಚ್ಚುಕಟ್ಟು ಮಾಡಿದರು. ಯಾನ್ ರಾಸ್ ನಡೆಸುತ್ತಿದ್ದ ಸೂಪರ್‌ಕಾನ್‌ಫೆಕ್ಸ್ ತಂಡದ ವಾನ್ ಪೊಪೆಲ್ 1988ರಲ್ಲಿ ನಾಲ್ಕು ಹಂತ ಗೆದ್ದ.

ಇಷ್ಟಾದರೂ ಜನ ಈ ಸಾಲನ್ನು ‘ಟ್ರೈನ್’ ಎಂದು ಬೆರಗಿನಿಂದ ನೋಡುವಂತಾದದ್ದು ಚಿಪೊಲ್ಲಿನಿಯ ಕಾಲದಲ್ಲೇ. ಇಟಲಿಯ ಲೂಕಾ ಊರಿನ ಆರಡಿ ದಾಟಿದ ಆಳು. ರೂಪವಂತ, ಶೋಕಿಲಾಲ, ಮಾತಿನ ಮಲ್ಲ. ಜೂಲಿಯಸ್ ಸೀಸರನ ವೇಷ ಹಾಕಿಕೊಂಡು ಬಂದು ದಂಡ ಕಟ್ಟಿದ್ದೂ ಉಂಟು. ಅವನ ತಂಡ ಸಾಯೆಕೊ, ಜೆರ್ಸಿ ಮತ್ತೆ ಕೆಂಪು. ಫಾಯೆಮಾದಂತೆ ಸಾಯೆಕೊ ಕೂಡ ಕಾಫಿ ಯಂತ್ರದ ಕಂಪನಿ. ಸ್ಪ್ರಿಂಟ್‌ಗೂ ಕಾಫಿಗೂ ಏನು ನಂಟೋ, ನಮ್ಮ ಚಿಕ್ಕಮಗಳೂರಿನವರು ಯಾರಾದರೂ ಯೋಚಿಸಬೇಕು.

ಸಾಯೆಕೊ ಟ್ರೈನ್ ಹೊರಡುವ ರೀತಿ ಹೀಗಿತ್ತು. ಗುರಿಗೆ ಇನ್ನೂ ಹಲವು ಕಿಲೋಮೀಟರ್ ಇರುವಾಗಲೇ ಐದಾರು ಕೆಂಪು ಜೆರ್ಸಿಗಳು ಗುಂಪಿನ ಮುಂದಕ್ಕೆ ಬಂದು ಒಬ್ಬರ ಹಿಂದೊಬ್ಬರು ನಿಲ್ಲುವವು. ಮೊದಲನೆಯವನು ತಲೆ ತಗ್ಗಿಸಿ, ಗಂಟೆಗೆ ಅರವತ್ತು ಕಿಲೋಮೀಟರಿಗೆ ಹತ್ತಿರದ ವೇಗದಲ್ಲಿ ಒಂದಷ್ಟು ದೂರ ಎಳೆದು, ಕಾಲು ಸುಟ್ಟುಹೋಗುವಂತಾದಾಗ ಪಕ್ಕಕ್ಕೆ ಸರಿಯುವನು. ಎರಡನೆಯವನು ಅದೇ ವೇಗಕ್ಕೆ ಇನ್ನಷ್ಟು ಸೇರಿಸುವನು. ಹೀಗೆ ಒಬ್ಬೊಬ್ಬರೇ ಕಳಚಿಕೊಂಡು, ಕೊನೆಗೆ ಉಳಿಯುತ್ತಿದ್ದವನು ಜಿಯಾನ್ ಮಾಟೆಯೊ ಫಾನ್ಯಿನಿ. ಅವನ ಬೆನ್ನ ಹಿಂದೆ ಅಲ್ಲಿಯವರೆಗೆ ಗಾಳಿಯನ್ನೇ ಕಾಣದ ಚಿಪೊಲ್ಲಿನಿ. ಈ ವೇಗದಲ್ಲಿ ಬೇರೆಯವರು ಪಕ್ಕದಿಂದ ಏರಿಬರುವುದೇ ಅಸಾಧ್ಯ, ಏರಿದರೂ ಬಸವಳಿದಿರುತ್ತಾರೆ. ವೇಗಕ್ಕಿಂತ ಹೆಚ್ಚಾಗಿ ಟ್ರೈನ್ ಕೊಡುತ್ತಿದ್ದುದು ವ್ಯವಸ್ಥೆಯನ್ನು. ಅರಾಜಕವಾಗಿದ್ದ ಕೊನೆಯ ಐದು ಕಿಲೋಮೀಟರಿಗೆ ಒಬ್ಬ ಯಜಮಾನ ಬಂದ.

1999ರ ಟೂರ್‌ನಲ್ಲಿ ಚಿಪೊಲ್ಲಿನಿ ಸತತ ನಾಲ್ಕು ದಿನ ಗೆದ್ದ. ಅದರಲ್ಲಿ ಬ್ಲುವಾ ಊರಿನಲ್ಲಿ ಮುಗಿದ 194.5 ಕಿ.ಮೀ. ಹಂತದ ಸರಾಸರಿ ವೇಗ ಗಂಟೆಗೆ 50.355 ಕಿ.ಮೀ. ಬೆನ್ನಿಗೆ ಗಾಳಿಯಿತ್ತು ನಿಜ, ಆದರೆ ಆ ದಾಖಲೆ 2025ರ ಟೂರ್‌ನಲ್ಲೂ ಮುರಿಯಲಿಲ್ಲ. ಜಿರೊ ಡಿ ಇಟಾಲಿಯಾದಲ್ಲಿ ಅವನ ಹಂತ ಗೆಲುವುಗಳು 42, ಅದೂ ದಾಖಲೆಯೇ. ಕೊರತೆ ಒಂದೇ: ಟೂರ್‌ನಲ್ಲಿ ಬೆಟ್ಟಗಳು ಬಂದವೆಂದರೆ ಈ ಮಹಾರಾಜ ಗಂಟು ಮೂಟೆ ಕಟ್ಟಿ ಮನೆಗೆ ಹೋಗುತ್ತಿದ್ದ.

ಜಾಬೆಲ್ ತೀರಾ ಬೇರೆ ಜಾತಿಯ ಆಳು. ಪೂರ್ವ ಬರ್ಲಿನ್‌ನವನು. ಚಿಪೊಲ್ಲಿನಿಯಷ್ಟು ವೇಗವಿಲ್ಲ, ಆದರೆ ಬೆಟ್ಟ ದಾಟಿ ಬರುತ್ತಿದ್ದ, ದಿನಾ ಅಂಕ ಕೂಡಿಸುತ್ತಿದ್ದ. 1996ರಿಂದ 2001ರವರೆಗೆ ಸತತ ಆರು ವರ್ಷ ಹಸಿರು ಜೆರ್ಸಿ ಅವನದು. 2000ದಲ್ಲಿ ಅವನ ಟೆಲಿಕಾಂ ತಂಡ ಮಾಡಿದ ಜಾಣ ಕೆಲಸವೆಂದರೆ ಫಾನ್ಯಿನಿಯನ್ನೇ ತನ್ನ ಕಡೆಗೆ ಎಳೆದುಕೊಂಡದ್ದು. ಎದುರಾಳಿಯ ಬಲ ಕಾಲಿನಲ್ಲಿಲ್ಲ, ಮುಂದಿನವನಲ್ಲಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಜಾಬೆಲ್ 2013ರಲ್ಲಿ ತಾನು ವರ್ಷಗಟ್ಟಲೆ ಉದ್ದೀಪನ ಮದ್ದು ಬಳಸಿದ್ದಾಗಿ ಒಪ್ಪಿಕೊಂಡ. ಆ ಕಾಲದ ಯಾವ ಅಂಕಿಯನ್ನು ಓದುವಾಗಲೂ ಇದು ನೆನಪಿರಬೇಕು.

ಮುಂದೆ ಟ್ರೈನ್ ಅಲೆಸ್ಸಾಂದ್ರೊ ಪೆಟಾಕಿಯ ಕೈಗೆ ಬಂತು. ಫಾಸ್ಸಾ ಬೊರ್ತೊಲೊ ತಂಡದ ಬಲದಿಂದ ಅವನು 2003ರಲ್ಲಿ ಜಿರೊದಲ್ಲಿ ಆರು, ಟೂರ್‌ನಲ್ಲಿ ನಾಲ್ಕು, ಸ್ಪೇನಿನ ವುಎಲ್ತಾದಲ್ಲಿ ಐದು ಹಂತ ಗೆದ್ದ. ಒಂದೇ ವರ್ಷ ಹದಿನೈದು!

ಇವರೆಲ್ಲರ ನಡುವೆ ನನಗೆ ಅಚ್ಚುಮೆಚ್ಚು ಮೆಕ್ಯೂಯೆನ್. ಗಿಡ್ಡ ಮೈಕಟ್ಟಿನ ಈ ಆಸ್ಟ್ರೇಲಿಯನ್ನನಿಗೆ ಸ್ವಂತ ಟ್ರೈನ್ ಎನ್ನುವುದು ಹೆಚ್ಚುಕಡಿಮೆ ಇರಲೇ ಇಲ್ಲ. ಬೇರೆಯವರ ಟ್ರೈನಿಗೆ ಟಿಕೆಟಿಲ್ಲದೆ ಹತ್ತುತ್ತಿದ್ದ. ಯಾರ ಚಕ್ರ ಯಾವಾಗ ಸೋಲುತ್ತದೆ, ಯಾವ ಸಂದು ಅರೆಕ್ಷಣದಲ್ಲಿ ತೆರೆಯುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. 2007ರ ಟೂರ್‌ನಲ್ಲಿ ಲಂಡನ್‌ನಿಂದ ಕ್ಯಾಂಟರ್‌ಬರಿಗೆ ಹೊರಟ ಹಂತದಲ್ಲಿ, ಗುರಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ಇರುವಾಗ ಬಿದ್ದು ಗಾಯ ಮಾಡಿಕೊಂಡ. ಸಂಗಾತಿಗಳು ಅವನನ್ನು ಮತ್ತೆ ಗುಂಪಿಗೆ ಸೇರಿಸಿದರು. ಗುರಿ ಕಾಣಿಸಿದಾಗ ಎಲ್ಲಿಂದ ಬಂದನೋ, ಎಲ್ಲರನ್ನೂ ದಾಟಿ ಗೆದ್ದ. ಅವನ ಹನ್ನೆರಡಕ್ಕೂ ಚಿಪೊಲ್ಲಿನಿಯ ಹನ್ನೆರಡಕ್ಕೂ ಒಂದೇ ತೂಕ ಎಂದು ನಾನು ಒಪ್ಪಲಾರೆ. ಇನ್ನು ಸಗಾನ್: ಏಳು ಹಸಿರು ಜೆರ್ಸಿ, ಸತತ ಮೂರು ವಿಶ್ವ ಪ್ರಶಸ್ತಿ. ಆದರೆ ಅವನನ್ನು ಅಪ್ಪಟ ಸ್ಪ್ರಿಂಟರ್ ಎಂದು ಕರೆಯಲು ಮನಸ್ಸು ಬಾರದು, ಅವನು ಅದಕ್ಕಿಂತ ದೊಡ್ಡದೇನೋ.

ಈ ಎಲ್ಲ ಎಳೆಗಳೂ ಬಂದು ಕೂಡಿದ್ದು ಐಲ್ ಆಫ್ ಮ್ಯಾನ್ ದ್ವೀಪದ ಹುಡುಗನಲ್ಲಿ. ಪ್ರಯೋಗಾಲಯದ ವ್ಯಾಟ್ ಲೆಕ್ಕದಲ್ಲಿ ಕಾವೆಂಡಿಷ್ ಎಂದೂ ಮೊದಲಿಗನಲ್ಲ. ಗ್ರೈಪೆಲ್, ಕಿಟೆಲ್‌ರಂಥ ಜರ್ಮನ್ ದೈತ್ಯರ ಮುಂದೆ ಅವನ ಅಂಕಿ ಸಪ್ಪೆ. ಆದರೆ ಮೊಣಕೈ ಮಡಿಸಿ, ಗಲ್ಲವನ್ನು ಮುಂಚಕ್ರದ ಮೇಲಕ್ಕೆ ಚಾಚಿ ಕೂರುವ ಅವನ ಭಂಗಿಗೆ ಗಾಳಿ ತಾಗುವುದೇ ಕಡಿಮೆ. 2008ರಲ್ಲಿ ಶಾತೊರುವಿನಲ್ಲಿ ಅವನು ಟೂರ್‌ನಲ್ಲಿ ತನ್ನ ಮೊದಲ ಹಂತ ಗೆದ್ದಾಗ ಮೂರನೆಯವನಾಗಿದ್ದ ಜಾಬೆಲ್, ಮರುವರ್ಷ ಅವನ ತಂಡದ ಸ್ಪ್ರಿಂಟ್ ಗುರುವಾಗಿ ಬಂದ. ಆ ವಸಂತದಲ್ಲಿ ಮಿಲಾನ್–ಸಾನ್ ರೆಮೊ ಓಟವನ್ನು ಕಾವೆಂಡಿಷ್ ಕೂದಲೆಳೆಯಲ್ಲಿ ಗೆದ್ದ. ಮುಂದೆ, 2013ರಲ್ಲಿ, ಪೆಟಾಕಿ ಕೂಡ ಅವನನ್ನು ಎಳೆಯುವ ಕೆಲಸಕ್ಕೆ ಸೇರಿಕೊಂಡ. ರಾಜನಾಗಿದ್ದವನು ರಥ ಎಳೆಯಲು ಒಪ್ಪಿದ್ದು ಸಣ್ಣ ಮಾತಲ್ಲ.

ಟೋನಿ ಮಾರ್ಟಿನ್, ಬರ್ನ್‌ಹಾರ್ಡ್ ಐಸೆಲ್, ರೆನ್‌ಶಾ ಇದ್ದ, ಕಾವೆಂಡಿಷ್‌ನ ಎಚ್‌ಟಿಸಿ ತಂಡದ ಟ್ರೈನಿನಷ್ಟು ಕರಾರುವಾಕ್ಕಾದದ್ದನ್ನು ನಾನಂತೂ ಬೇರೆ ನೋಡಿಲ್ಲ. 2011ರ ಕೊನೆಗೆ ಪ್ರಾಯೋಜಕರು ಸಿಗದೆ ಆ ತಂಡ ಮುಚ್ಚಿತು. ಕಲಿತವರೆಲ್ಲ ಬೇರೆ ಬೇರೆ ತಂಡಗಳಿಗೆ ಚದುರಿದರು, ವಿದ್ಯೆಯೂ ಅವರ ಜೊತೆ ಹೋಯಿತು. ಅಲ್ಲಿಂದ ಮುಂದೆ ಒಂದೇ ರಸ್ತೆಯಲ್ಲಿ ನಾಲ್ಕೈದು ಟ್ರೈನುಗಳು. ಯಾರಿಗೂ ಯಜಮಾನಿಕೆ ಸಿಗದು. ಕಿಟೆಲ್ 2013 ಮತ್ತು 2014ರಲ್ಲಿ ನಾಲ್ಕು ನಾಲ್ಕು, 2017ರಲ್ಲಿ ಐದು ಹಂತ ಗೆದ್ದ. ಆ ವರ್ಷ ನುಯಿ ಸಾನ್ ಜಾರ್ಜ್‌ನಲ್ಲಿ ನಾರ್ವೆಯ ಬೊಅಸನ್ ಹಾಗನ್‌ನನ್ನು ಸೋಲಿಸಿದ ಅಂತರ ಆರು ಮಿಲಿಮೀಟರ್. 31ನೇ ವಯಸ್ಸಿಗೇ ಸಾಕೆಂದು ನಿವೃತ್ತನಾದ.

ದಟ್ಟಣೆಯ ಜೊತೆಗೆ ಅಪಾಯವೂ ಹೆಚ್ಚಿತು. ಅಪಾಯ ಮೊದಲೂ ಇತ್ತು: 1991ರಲ್ಲಿ ಉಜ್ಬೆಕ್ ಸವಾರ ಅಬ್ದುಜಪರೋವ್ ಪ್ಯಾರಿಸ್‌ನ ಗುರಿಯ ಮುಂದೆಯೇ ತಡೆಬೇಲಿಗೆ ಬಡಿದು ಹಾರಿಬಿದ್ದ. 1994ರಲ್ಲಿ ಆರ್ಮಾಂತಿಯೇರ್‌ನಲ್ಲಿ ಫೋಟೊ ತೆಗೆಯಲು ರಸ್ತೆಗೆ ಬಾಗಿದ ಪೊಲೀಸನಿಗೆ ಡಿಕ್ಕಿಯಾಗಿ ನೆಲಿಸನ್, ಜಲಾಬೆರ್ ರಕ್ತಸಿಕ್ತರಾದರು. ಅತಿ ಭೀಕರವಾದದ್ದು 2020ರ ಆಗಸ್ಟ್‌ನಲ್ಲಿ ಪೋಲೆಂಡಿನ ಕಾಟೊವಿತ್ಸೆಯಲ್ಲಿ. ಇಳಿಜಾರಿನ ಗುರಿ, ಡೈಲನ್ ಗ್ರೂನೆವೆಗನ್ ತನ್ನ ದಾರಿ ಬಿಟ್ಟು ಪಕ್ಕಕ್ಕೆ ಬಂದ, ಫಾಬಿಯೊ ಯಾಕೊಬ್ಸನ್ ಬೇಲಿ ಮುರಿದುಕೊಂಡು ಹೋದ. ಪ್ರಜ್ಞೆಯಿಲ್ಲದ ಸ್ಥಿತಿ, ಮುಖಕ್ಕೆ ನೂರಕ್ಕೂ ಹೆಚ್ಚು ಹೊಲಿಗೆ. ಗ್ರೂನೆವೆಗನ್‌ಗೆ ಒಂಬತ್ತು ತಿಂಗಳ ನಿಷೇಧ. 2022ರ ಟೂರ್‌ನ ಎರಡನೇ ಹಂತವನ್ನು ಯಾಕೊಬ್ಸನ್ ಗೆದ್ದ, ಮರುದಿನದ ಹಂತವನ್ನು ಗ್ರೂನೆವೆಗನ್.

ಈಗ ಬೆಲ್ಜಿಯನ್ ಸ್ಪ್ರಿಂಟರ್ ಯಾಸ್ಪರ್ ಫಿಲಿಪ್ಸನ್‌ನನ್ನು ಎಳೆಯುವವನು ಸ್ವತಃ ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಥ್ಯೂ ವಾನ್ ಡರ್ ಪೂಲ್. ಉದ್ದನೆಯ ಸಾಲು ಕರಗಿ, ಒಬ್ಬನೇ ಆದರೂ ಅಸಾಮಾನ್ಯನಾದ ಎಳೆಗಾರ ಸಾಕು ಎನ್ನುವ ಕಾಲ. 2024ರಲ್ಲಿ ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಮೂರು ಹಂತ ಮತ್ತು ಹಸಿರು ಜೆರ್ಸಿ ಗೆದ್ದದ್ದು ಯಾವ ಹಳೆಯ ಲೆಕ್ಕಕ್ಕೂ ಸಿಗದ ಸಂತೋಷ.

ಅದೇ ಟೂರ್‌ನ ಮೊದಲ ದಿನ ಸುಡುಬಿಸಿಲಲ್ಲಿ ಕಾವೆಂಡಿಷ್ ವಾಂತಿ ಮಾಡಿಕೊಂಡು, ಗೆದ್ದವನಿಗಿಂತ 39 ನಿಮಿಷ ತಡವಾಗಿ, ಹೇಗೋ ಗಡುವಿನೊಳಗೆ ಗುರಿ ಮುಟ್ಟಿದ್ದ. ವಯಸ್ಸು 39. ಐದನೇ ಹಂತದಲ್ಲಿ, ಜುಲೈ 3ರಂದು ಸಾನ್ ವುಲ್ಬಾದಲ್ಲಿ, ಒಬ್ಬನ ಚಕ್ರದಿಂದ ಇನ್ನೊಬ್ಬನ ಚಕ್ರಕ್ಕೆ ಹಾರುತ್ತಾ ಮೆಕ್ಯೂಯೆನ್‌ನ ಹಳೆಯ ವಿದ್ಯೆಯಲ್ಲೇ ದಾರಿ ಮಾಡಿಕೊಂಡು 35ನೇ ಹಂತ ಗೆದ್ದ. ಬೆಲ್ಜಿಯಂನ ಎಡಿ ಮರ್ಕ್ಸ್‌ನ 34 ಹಂತಗಳ ದಾಖಲೆ ಹಿಂದೆ ಬಿತ್ತು.

ಹಾಗಾದರೆ ದೊಡ್ಡವನು ಯಾರು? ಬರೀ ವೇಗಕ್ಕೆ ಕಿಟೆಲ್. ಒಂಟಿ ಚಾಲಾಕಿತನಕ್ಕೆ ಮೆಕ್ಯೂಯೆನ್. ಆದರೆ ಐದು ತಂಡಗಳಲ್ಲಿ, ಜಗತ್ತಿನ ಅತ್ಯುತ್ತಮ ಟ್ರೈನಿನ ಹಿಂದೆಯೂ ಗೆದ್ದು, 2012ರಲ್ಲಿ ತಂಡದ ಗಮನವೆಲ್ಲ ಸಂಗಾತಿ ವಿಗಿನ್ಸ್‌ಗೆ ಒಟ್ಟಾರೆ ಗೆಲುವಿನ ಹಳದಿ ಜೆರ್ಸಿ ತೊಡಿಸುವುದರ ಮೇಲಿದ್ದಾಗ ಬೇರೆಯವರ ಬೆನ್ನು ಹಿಡಿದೂ ಗೆದ್ದವನು ಕಾವೆಂಡಿಷ್ ಒಬ್ಬನೇ. ನನ್ನ ಮತ ಅವನಿಗೆ. ಒಪ್ಪದವರು ಕಿಟೆಲ್ ಪರವಾಗಿ ವಾದಿಸಲಿ, ಮೆಕ್ಯೂಯೆನ್ ಪರವಾಗಿಯೂ ವಾದಿಸಲಿ. ಚಿಪೊಲ್ಲಿನಿಯ ಪರ ನಿಲ್ಲುವವರು ಮಾತ್ರ, ಅವನು ಒಂದೇ ಒಂದು ಟೂರನ್ನೂ ಕೊನೆಯವರೆಗೆ ಓಡಿಸಿ ಮುಗಿಸಲಿಲ್ಲ ಎಂಬುದಕ್ಕೆ ಮೊದಲು ಉತ್ತರ ಹುಡುಕಿಕೊಳ್ಳಬೇಕು.