ಬೆರೆಯದೆ, ಅಗಲದೆ: ಕ್ಯಾಲ್ಸಿಡನ್ ಸಭೆಯ ಕ್ರಿಸ್ತ

ಯೇಸು ಕ್ರಿಸ್ತ ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ, ಆದರೂ ಒಬ್ಬನೇ ವ್ಯಕ್ತಿ. ಈ ಸಿದ್ಧಾಂತಕ್ಕೆ ಖಚಿತ ರೂಪ ಬಂದದ್ದು ಕ್ರಿ.ಶ. 451ರ ಅಕ್ಟೋಬರಿನಲ್ಲಿ, ಕಾನ್‌ಸ್ಟಾಂಟಿನೋಪಲ್‌ನ ಎದುರು ದಡದ ಕ್ಯಾಲ್ಸಿಡನ್ ಪಟ್ಟಣದಲ್ಲಿ ಸೇರಿದ ಮಹಾಸಭೆಯಲ್ಲಿ. ಆ ಊರು ಈಗ ಇಸ್ತಾಂಬುಲ್ ನಗರದ ಒಂದು ಭಾಗ.

ವಿವಾದದ ಬೇರು ಸುವಾರ್ತೆಗಳಲ್ಲೇ ಇದೆ. ಸರೋವರದಲ್ಲಿ ಬಿರುಗಾಳಿ ಎದ್ದಾಗ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆಹೋಗಿದ್ದ ಎನ್ನುತ್ತಾನೆ ಮಾರ್ಕ. ಶಿಷ್ಯರು ಗಾಬರಿಯಿಂದ ಎಬ್ಬಿಸಿದರು. ಎದ್ದವನು ಗಾಳಿಯನ್ನು ಗದರಿದ, ನೀರು ಶಾಂತವಾಯಿತು. ನಿದ್ದೆ ಬೇಕಾದದ್ದು ಯಾರಿಗೆ, ಅಪ್ಪಣೆ ಕೊಟ್ಟದ್ದು ಯಾರು?

325ರ ನೈಸಿಯ ಸಭೆ, ದೇವರ ಮಗನಾದ ಕ್ರಿಸ್ತನೂ ಸೃಷ್ಟಿಗೊಂಡವನೇ ಎಂದ ಅಲೆಕ್ಸಾಂಡ್ರಿಯದ ಏರಿಯಸನ ವಾದವನ್ನು ತಳ್ಳಿಹಾಕಿತು. ಕ್ರಿಸ್ತನ ದೈವತ್ವ ಕಾಗದದ ಮೇಲಾದರೂ ಇತ್ಯರ್ಥವಾಯಿತು. ಮನುಷ್ಯತ್ವದ ಪ್ರಶ್ನೆ ಉಳಿಯಿತು. ಆತನ ದೇಹ ಮನುಷ್ಯನದು, ಆದರೆ ಬುದ್ಧಿಯ ಜಾಗದಲ್ಲಿದ್ದದ್ದು ದೈವೀ ವಾಕ್ಯ, ಅಂದರೆ ದೇವರ ಮಗನೇ, ಎಂದ ಅಪೊಲಿನಾರಿಸ್. ಇದಕ್ಕೆ ನಜಿಯಾನ್ಸಸ್‌ನ ಗ್ರೆಗೊರಿ ಎತ್ತಿದ ಆಕ್ಷೇಪ ಇಡೀ ಚರ್ಚೆಯಲ್ಲೇ ಹರಿತವಾದದ್ದು: ಮೊದಲು ಎಡವುವುದೇ ಮನುಷ್ಯನ ಮನಸ್ಸು; ಅದನ್ನೇ ಕ್ರಿಸ್ತ ತನ್ನದಾಗಿಸಿಕೊಳ್ಳದಿದ್ದರೆ ಅದು ವಾಸಿಯಾಗುವುದು ಹೇಗೆ? ಮೇಲುನೋಟಕ್ಕೆ ಒಣತರ್ಕದಂತೆ ಕಾಣುವ ಈ ಜಗಳದಲ್ಲಿ ಪಣಕ್ಕಿದ್ದದ್ದು ಮನುಷ್ಯನ ಉದ್ಧಾರ.

ಮರಿಯಳನ್ನು ದೇವಮಾತೆ ಎನ್ನುವುದಕ್ಕಿಂತ ಕ್ರಿಸ್ತಮಾತೆ ಎನ್ನುವುದು ಲೇಸೆಂದ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್, ಒಬ್ಬ ಕ್ರಿಸ್ತನನ್ನು ಇಬ್ಬರಾಗಿ ಒಡೆದನೆಂಬ ಆರೋಪ ಹೊತ್ತು 431ರಲ್ಲಿ ಎಫೆಸ ಸಭೆಯಿಂದ ಪದಚ್ಯುತನಾದ. ಅವನ ಕಟ್ಟಾ ವಿರೋಧಿ ಯೂತಿಕಸ್ ಇನ್ನೊಂದು ತುದಿಗೆ ಹೋದ: ದೈವತ್ವ, ಮನುಷ್ಯತ್ವ ಎರಡೂ ಕೂಡಿದ ಮೇಲೆ ಉಳಿದದ್ದು ಒಂದೇ ಸ್ವಭಾವ ಎಂದ. ಹಾಗಾದರೆ ಮನುಷ್ಯತ್ವ ಕಡಲಿಗೆ ಬಿದ್ದ ಜೇನಹನಿಯಂತೆ ಕರಗಿಹೋಯಿತಲ್ಲ ಎಂಬುದು ಎದುರಾಳಿಗಳ ತಕರಾರು.

ಪೋಪ್ ಒಂದನೆಯ ಲಿಯೋ 449ರಲ್ಲಿ ಬರೆದ ಪತ್ರವನ್ನೂ ನೆಸ್ಟೋರಿಯಸನ ಎದುರಾಳಿ, ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲನ ಪತ್ರಗಳನ್ನೂ ಮುಂದಿಟ್ಟುಕೊಂಡು ಕ್ಯಾಲ್ಸಿಡನ್ ಸಭೆ ತೀರ್ಪಿತ್ತಿತು. ಒಬ್ಬನೇ ಕ್ರಿಸ್ತನಲ್ಲಿ ಎರಡು ಸ್ವಭಾವಗಳಿವೆ. ಅವು ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ. ಮೊದಲೆರಡು ಮಾತು ಯೂತಿಕಸ್‌ನಿಗೆ ಉತ್ತರ, ಕೊನೆಯೆರಡು ನೆಸ್ಟೋರಿಯಸ್‌ನಿಗೆ. ನಾಲ್ಕೂ ನಿಷೇಧಗಳೇ. ಹೇಗೆ ಕೂಡಿವೆ ಎಂಬುದನ್ನು ಸಭೆ ವಿವರಿಸಲು ಹೋಗಲಿಲ್ಲ. ಇದನ್ನು ನುಣುಚಿಕೊಂಡದ್ದು ಎನ್ನುವವರುಂಟು. ವಿವೇಕ ಎನ್ನುವುದೇ ಸರಿ. 681ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮತ್ತೊಂದು ಸಭೆ ಕ್ರಿಸ್ತನಿಗೆ ದೈವೀ ಇಚ್ಛೆ, ಮಾನವ ಇಚ್ಛೆ ಎರಡೂ ಇದ್ದವೆಂದು ಸೇರಿಸಿತು.

ಕ್ಯಾಲ್ಸಿಡನ್ ತೀರ್ಪನ್ನು ಎಲ್ಲರೂ ಒಪ್ಪಲಿಲ್ಲ. ‘ಎರಡು ಸ್ವಭಾವ’ ಎಂದರೆ ನೆಸ್ಟೋರಿಯಸನೇ ಮರಳಿ ಬಂದಂತೆ ಎಂದುಕೊಂಡ ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಚರ್ಚುಗಳು ದೂರ ಉಳಿದವು. ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥಡಾಕ್ಸ್ ಸಿರಿಯನ್ ಕ್ರೈಸ್ತರು ಸೇರಿದ್ದು ಈ ಪರಂಪರೆಗೆ. ಅವರಂತೆಯೇ ಕೊಂಕಣಿ ಆಡಿದರೂ ಮಂಗಳೂರಿನ ಕ್ಯಾಥೊಲಿಕರದು ಕ್ಯಾಲ್ಸಿಡನ್ ಒಪ್ಪಿದ ಪರಂಪರೆ. 1973ರಲ್ಲಿ ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೂದಾ ಸಹಿ ಮಾಡಿದ ಜಂಟಿ ಹೇಳಿಕೆಯಲ್ಲಿ ಕ್ಯಾಲ್ಸಿಡನ್‌ನ ಹೆಸರಿಲ್ಲದೆಯೂ ಆ ನಾಲ್ಕು ನಿಷೇಧಗಳು ಸೇರಿಕೊಂಡಿವೆ.