ಆಫ್ರಿಕದ ಲೇಖಕನ ಭಾಷೆ ಯಾವುದು?

ಇಂಗ್ಲಿಷಿನಲ್ಲಿ ಬರೆದರೆ ಮನ್ನಣೆ, ತಾಯ್ನುಡಿಯಲ್ಲಿ ಬರೆದರೆ ಸೆರೆಮನೆ! ಕೀನ್ಯಾ ದೇಶದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಅವರಿಗೆ 1977ನೆಯ ವರ್ಷ ಕಲಿಸಿದ ಪಾಠವಿದು. ಆ ವರ್ಷ ಪ್ರಕಟವಾದ ಅವರ ಇಂಗ್ಲಿಷ್ ಕಾದಂಬರಿ ಆಳುವವರ ದುರಾಶೆಯನ್ನು ಕಟುವಾಗಿ ಖಂಡಿಸಿದ್ದರೂ ಸರ್ಕಾರ ಅದನ್ನು ತಡೆಯಲಿಲ್ಲ. ಆದರೆ ಕಮಿರೀಥು ಎಂಬ ಹಳ್ಳಿಯ ರೈತರೂ ಕೂಲಿಕಾರರೂ ಕೂಡಿ ಅವರ ನಾಟಕವನ್ನು ಗಿಕುಯು ಭಾಷೆಯಲ್ಲಿ ಆಡಿದಾಗ ಪ್ರದರ್ಶನವೇ ನಿಂತಿತು. ವರ್ಷ ಮುಗಿಯುವಷ್ಟರಲ್ಲಿ ಗೂಗಿಯವರು ವಿಚಾರಣೆಯಿಲ್ಲದೆ ಸೆರೆಯಾದರು.

ಈ ಪ್ರಸಂಗದ ಹಿಂದೆ ಹಳೆಯ ವಾದವೊಂದಿದೆ. 1962ರಲ್ಲಿ ಉಗಾಂಡದ ಮಕೆರೆರೆ ಕಾಲೇಜಿನಲ್ಲಿ ಆಫ್ರಿಕದ ಲೇಖಕರ ಸಮ್ಮೇಳನ ಸೇರಿತು. ಆಹ್ವಾನವೇನೋ ಇಂಗ್ಲಿಷಿನಲ್ಲಿ ಬರೆಯುವವರಿಗೆ ಮಾತ್ರ. ಸ್ವಾಹಿಲಿಯ ಹಿರಿಯ ಕವಿ ಶಾಬಾನ್ ರಾಬರ್ಟ್ ಅಂಥವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಇನ್ನೂ ವಿದ್ಯಾರ್ಥಿಯಾಗಿದ್ದ ಗೂಗಿಯವರಿಗೆ ಇತ್ತು! ಮರುವರ್ಷವೇ ನೈಜೀರಿಯದ ವಿಮರ್ಶಕ ಓಬಿ ವಾಲಿಯವರು, ಪರಭಾಷೆಯನ್ನು ನೆಚ್ಚಿ ಆಫ್ರಿಕದ ಸಾಹಿತ್ಯ ಬೆಳೆಯಲಾರದೆಂದು ಬರೆದು ಕೋಲಾಹಲವೆಬ್ಬಿಸಿದರು. ಅದೇ ದೇಶದ ಚಿನುವಾ ಅಚೆಬೆಯವರ ನಿಲುವು ಬೇರೆ. ನೂರಾರು ಭಾಷೆಗಳ ನಾಡಿನಲ್ಲಿ ಹಲವರನ್ನು ಒಟ್ಟಿಗೆ ಮುಟ್ಟಲು ಇಂಗ್ಲಿಷ್ ಬೇಕು; ಅದನ್ನು ನಮ್ಮ ಅನುಭವಕ್ಕೆ ತಕ್ಕಂತೆ ಬಾಗಿಸಿಕೊಂಡರಾಯಿತು ಎಂಬುದು ಅವರ ಅಭಿಪ್ರಾಯ. 1958ರಲ್ಲಿ ಹೊರಬಂದ ಅವರ ಮೊದಲ ಕಾದಂಬರಿಯೇ ಇದಕ್ಕೆ ಸಾಕ್ಷಿ. ಇಗ್ಬೊ ಜನರ ಗಾದೆಗಳು ಅಲ್ಲಿ ಇಂಗ್ಲಿಷಿನ ಉಡುಪು ತೊಟ್ಟೂ ತಮ್ಮ ಕಳೆಯನ್ನು ಕಳೆದುಕೊಂಡಿಲ್ಲ.

ಸೆರೆಯಲ್ಲಿದ್ದ ಗೂಗಿಯವರಾದರೋ ಇನ್ನು ಮುಂದೆ ತಮ್ಮ ಕಾದಂಬರಿಗಳನ್ನು ಗಿಕುಯುವಿನಲ್ಲಿಯೇ ಬರೆಯುವುದೆಂದು ನಿಶ್ಚಯಿಸಿದರು. ಶೌಚಕ್ಕೆಂದು ಕೊಡುತ್ತಿದ್ದ ಒರಟು ಕಾಗದದ ಮೇಲೆ ಅವರು ಬರೆದ ಕಾದಂಬರಿ 1980ರಲ್ಲಿ ಅಚ್ಚಾಯಿತು. ಅಕ್ಷರ ಬಲ್ಲವರು ಮನೆಗಳಲ್ಲಿ, ಹೆಂಡದಂಗಡಿಗಳಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಅಕ್ಷರ ಬಾರದವರು ಸುತ್ತ ಕುಳಿತು ಕೇಳಿದರು. 2025ರ ಮೇ ತಿಂಗಳಲ್ಲಿ ಕಾಲವಾಗುವವರೆಗೂ ಕಾದಂಬರಿಯ ಮಟ್ಟಿಗೆ ಅವರು ಆ ಹಟವನ್ನು ಬಿಡಲಿಲ್ಲ.

ಆದರೂ ವಾದ ತೀರಿತೆನ್ನುವಂತಿಲ್ಲ. 2021ರಲ್ಲಿ ಆಫ್ರಿಕದ ಲೇಖಕರಿಗೆ ಪ್ರಶಸ್ತಿಗಳ ಸುಗ್ಗಿಯೇ ಬಂದಿತು. ಜಾಂಜಿಬಾರಿನಲ್ಲಿ ಹುಟ್ಟಿದ ಅಬ್ದುಲ್‌ರಝಾಕ್ ಗುರ್ನಾ ಅವರಿಗೆ ನೊಬೆಲ್. ದಕ್ಷಿಣ ಆಫ್ರಿಕದ ಡೇಮನ್ ಗಾಲ್ಗಟ್ ಅವರಿಗೆ ಬುಕರ್. ಸೆನೆಗಲ್ಲಿನ ಮೊಹಮ್ಮದ್ ಎಂಬೂಗರ್ ಸಾರ್ ಅವರಿಗೆ ಫ್ರಾನ್ಸಿನ ಗೊಂಕೂರ್. ಮೊಜಾಂಬಿಕಿನ ಪೌಲೀನಾ ಶಿಝಿಯಾನೆ ಅವರಿಗೆ ಪೋರ್ಚುಗೀಸ್ ಭಾಷೆಯ ಕಮೋಯಿಶ್. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಈ ನಾಲ್ವರೂ ಬರೆದದ್ದು ಯೂರೋಪಿನ ಭಾಷೆಗಳಲ್ಲಿ.

ಗುರ್ನಾ ಅವರ ತಾಯ್ನುಡಿ ಸ್ವಾಹಿಲಿ. ಅವರ ‘ಪ್ಯಾರಡೈಸ್’ ಕಾದಂಬರಿ ಇಂಗ್ಲಿಷಿನಲ್ಲಿ ಬೆಳಕು ಕಂಡದ್ದು 1994ರಲ್ಲಿ. ಅದು ‘ಪೆಪೋನಿ’ ಎಂಬ ಹೆಸರಿನಿಂದ ಸ್ವಾಹಿಲಿಗೆ ಬಂದದ್ದು 2022ರಲ್ಲಿ, ನೊಬೆಲ್ ಬಂದ ಮೇಲೆ! ಕಥೆ ನಡೆಯುವ ನೆಲದ ಮಾತಿಗೆ ಆ ಕಥೆ ತಲುಪಲು ಇಪ್ಪತ್ತೆಂಟು ವರ್ಷ ಹಿಡಿಯಿತು.

ಈ ವಿಳಂಬಕ್ಕೆ ಲೇಖಕರನ್ನಷ್ಟೇ ದೂರುವುದು ನ್ಯಾಯವಲ್ಲ. ತಾಯ್ನುಡಿಯನ್ನು ಕಲಿಸುವ ಶಾಲೆ, ಅದರಲ್ಲಿ ಅಚ್ಚು ಹಾಕಲು ಅಂಜದ ಪ್ರಕಾಶಕ, ಕೊಂಡು ಓದುವ ಮನೆ, ಈ ಮೂರೂ ಕೂಡಿದಾಗಲೇ ಪುಸ್ತಕಕ್ಕೆ ತವರಿನ ಬಾಗಿಲು ತೆರೆಯುತ್ತದೆ.